ಹದಿನೇಳನೇ ಪಾಲು

ಜನವರಿ 14
ಮನೆ ನಂಬರ್ 12

ಪ್ರೀತಿಯ ತಮ್ಮಾ,

ಕೊನೆಗೂ ನಿನ್ನ ಮನೆಗೆ ಬಂದು ಕೂತೆ. ನಿನ್ನ ಮನೆ ಎಂದರೆ ನಿನಗೆ ಸಿಟ್ಟು ಬರುತ್ತದೆ, ಅರ್ಧ ನನ್ನ ಹೆಸರಿಗೆ ಬರೆಸಿ ಹೋಗಿದ್ದೀಯಲ್ಲ. ಮೂವತ್ತೆಂಟು ವರ್ಷ ಬಾಡಿಗೆ ಕೋಣೆಗಳಲ್ಲಿ ಹೊಲಿಗೆ ಮಷಿನ್ ತುಳಿದವಳಿಗೆ ಸ್ವಂತ ಬಾಗಿಲು ಎಂದರೆ ಏನು ಅಂತ ನಿನಗೆ ಗೊತ್ತಿಲ್ಲ. ಮೊದಲ ದಿನ ಸುಮ್ಮಸುಮ್ಮನೆ ಹತ್ತು ಸಲ ಬೀಗ ಹಾಕಿ ತೆಗೆದೆ. ಎದುರು ಬಂದ ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮ, "ಬೀಗ ಕೆಟ್ಟಿದೆಯೇನ್ರೀ?" ಎಂದರು. "ಬೀಗ ಸರಿ ಇದೆ, ನನ್ನ ತಲೆನೇ ಕೆಟ್ಟಿರೋದು" ಎಂದೆ.

ನಲವತ್ತಾರನೇ ವಯಸ್ಸಿನಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಹಡಗಿನ ಎಂಜಿನ್ ರಿಪೇರಿಗೆ ಓಡಿದ ನಿನಗಿಂತ ನನ್ನ ತಲೆ ಎಷ್ಟೋ ವಾಸಿ ಬಿಡು.

ಇನ್ನೊಂದು ಸುದ್ದಿ. ಮಾಲೀಕರ ಸಂಘದ ಅಧ್ಯಕ್ಷರು, ಅದೇ ಮೂರನೇ ನಂಬರಿನ ರಿಟೈರ್ಡ್ ಸ್ಟೇಷನ್ ಮಾಸ್ಟರ್, ನಿನ್ನ ದಪ್ಪ ಪುಸ್ತಕಗಳನ್ನೆಲ್ಲ ತಂದು ನನ್ನ ಮೇಜಿನ ಮೇಲೆ ಪೇರಿಸಿದರು. ಕಾರ್ಯದರ್ಶಿಯಾಗಿ ನಿನ್ನ ಅವಧಿ ಇನ್ನೂ ಒಂದು ವರ್ಷ ಇದೆಯಂತೆ, ಸಹಮಾಲೀಕರು ಅದನ್ನು ಮುಗಿಸಿಕೊಡಬೇಕಂತೆ. ಬೈಲಾ ಪುಸ್ತಕ ಓದುತ್ತಿದ್ದೇನೆ. ಮೆಟ್ಟಿಲಲ್ಲಿ ಚಪ್ಪಲಿ ಬಿಡಬಾರದು, ದೂರಿಗೆ ಹದಿನಾಲ್ಕು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಎರಡು ಮನೆಗಳ ನಡುವಿನ ಗೋಡೆಗೆ ಯಾರೂ ಕೈ ಹಚ್ಚಬಾರದು. ನಿನ್ನ ಶಿಸ್ತು ಪ್ರತಿ ಪುಟದಲ್ಲೂ ಕಾಣುತ್ತದೆ.

ಎರಡು ಸಂಶಯ. ಮನೆಗಳು ಹದಿನಾರು. ಹಾಜರಿ ಪುಸ್ತಕದಲ್ಲಿ ಸಾಲುಗಳು ಮಾತ್ರ ಹದಿನೇಳು, ಯಾಕೆ? ಎರಡನೆಯದು, ಪರದೆ ಹೊಲಿಯಲು ಟೇಪು ಹಿಡಿದವಳು ಹಾಗೇ ಮನೆಯನ್ನೂ ಅಳೆದೆ. ನಮ್ಮ ಮನೆ ಮತ್ತು ಡಾಕ್ಟರಮ್ಮನ ಮನೆ ಸೇರಿ ಹೊರಗಿನ ವರಾಂಡದಲ್ಲಿ ನಲವತ್ತು ಅಡಿ. ಎರಡನ್ನೂ ಒಳಗಿನಿಂದ ಅಳೆದು ಕೂಡಿಸಿದರೆ ಮೂವತ್ತಾರೂವರೆ. ನಡುವಿನ ಗೋಡೆಗೆ ಒಂದಡಿ ಬಿಡೋಣ. ಉಳಿದ ಎರಡೂವರೆ ಅಡಿ ಎಲ್ಲಿ ಹೋಯಿತೋ? ಬಟ್ಟೆಯಲ್ಲಿ ಹೀಗೆ ಅಳತೆ ತಪ್ಪಿದರೆ ಒಳಗೆಲ್ಲೋ ಮಡಿಕೆ ಸಿಕ್ಕಿಕೊಂಡಿದೆ ಎಂದೇ ಅರ್ಥ.

ಹೊಟ್ಟೆ ಕಡೆ ನೋಡಿಕೋ.

ನಿನ್ನ ಅಕ್ಕ

*

ಫೆಬ್ರವರಿ 20
ಹಡಗಿನಿಂದ

ಅಕ್ಕಾ,

ನಿನ್ನ ಪತ್ರ ಎರಡು ಬಂದರು ಸುತ್ತಿ ನಿನ್ನೆ ಕೈ ಸೇರಿತು. ಅಕ್ಷರ ನೋಡಿ ಗಾಬರಿಯಾಗಬೇಡ. ಬಲಗೈಗೆ ಒಂದಿಷ್ಟು ತರಚಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಹದಿನೇಳನೇ ಸಾಲಿನ ವಿಷಯ: ಕಟ್ಟಡದ ಮೂಲ ಪತ್ರದಲ್ಲಿ ಹದಿನೇಳು ಪಾಲು ಮಾಡಿದ್ದಾರೆ. ಹದಿನಾರು ಮನೆಗಳದ್ದು. ಹದಿನೇಳನೆಯದು ಯಾವ ಮನೆಗೂ ಸೇರದ ಜಾಗದ್ದು, ಅಂದರೆ ಗೋಡೆಗಳ ಒಳಗು, ಪೈಪು ಇಳಿಯುವ ಸಂದು, ಮೆಟ್ಟಿಲ ಕೆಳಗಿನ ಪೊಳ್ಳು. ಬರೆದವನು ಬುದ್ಧಿ ಎಲ್ಲಿಟ್ಟು ಬರೆದನೋ ಗೊತ್ತಿಲ್ಲ. ಆ ಸಾಲನ್ನು ಖಾಲಿ ಬಿಡುವುದು ವಾಡಿಕೆ. ನೀನೂ ಖಾಲಿ ಬಿಡು. ಯಾರಾದರೂ ಸಹಿ ಮಾಡಲು ಹೋದರೆ ತಡೆ. ಇದು ಕಾರ್ಯದರ್ಶಿಯ ಮೊದಲ ಜವಾಬ್ದಾರಿ ಎಂದು ತಿಳಿ.

ಗೋಡೆ ಅಳೆಯುವುದು ಬೇಡ. ಹೊಲಿಗೆ ಮಷಿನ್ ಅಡುಗೆಮನೆಯ ಗೋಡೆಗೆ ಒತ್ತಿ ಇಟ್ಟಿದ್ದರೆ ಮುಂದಿನ ಕೋಣೆಗೆ ಸಾಗಿಸು. ಅಲ್ಲಿ ಬೆಳಕು ಚೆನ್ನಾಗಿದೆ.

ಎರಡು ಶರ್ಟು ಹೊಲಿದು ಕಳಿಸುತ್ತೀಯಾ? ಹಳೆಯವು ಸರಿಯಾಗಿ ಕೂರುತ್ತಿಲ್ಲ. ಅಡುಗೆಯವನ ಕೈಯಲ್ಲಿ ಅಳತೆ ತೆಗೆಸಿದ್ದೇನೆ. ಎದೆ ನಲವತ್ತು, ತೋಳು ಇಪ್ಪತ್ತಮೂರೂವರೆ. ಬಲ ಭುಜ ಎಡಕ್ಕಿಂತ ಅರ್ಧ ಇಂಚು ಕೆಳಗೆ.

ತಮ್ಮ

*

ಮಾರ್ಚ್ 25
ಮನೆ ನಂಬರ್ 12

ತಮ್ಮಾ,

ಶರ್ಟಿನ ಬಟ್ಟೆ ತಂದಿದ್ದೇನೆ, ಇನ್ನೂ ಕತ್ತರಿ ಹಾಕಿಲ್ಲ. ಅಳತೆ ಇನ್ನೊಮ್ಮೆ ತೆಗೆಸಿ ಬರೆ. ಅಡುಗೆಯವನು ಎಡ ಬಲ ಅದಲುಬದಲು ಮಾಡಿರಬೇಕು. ಒಂಬತ್ತನೇ ವಯಸ್ಸಿನಲ್ಲಿ ಕಾಂಪೌಂಡಿನ ಮೇಲಿಂದ ಬಿದ್ದು ಕೆಳಗಾದದ್ದು ನಿನ್ನ ಎಡ ಭುಜ. ಇಷ್ಟು ವರ್ಷದಿಂದ ನಿನ್ನ ಅಂಗಿಗಳ ಎಡಗಡೆ ಅರ್ಧ ಇಂಚು ಇಳಿಸಿ ಹೊಲಿದವಳು ನಾನು. ನಿನ್ನ ಮುಖ ಮರೆತರೂ ಭುಜ ಮರೆಯುವವಳಲ್ಲ.

ಹಳೆಯ ಹಾಜರಿ ಪುಸ್ತಕ ತಿರುವಿದೆ. ಇಪ್ಪತ್ತು ವರ್ಷ ಹದಿನೇಳನೇ ಸಾಲು ಖಾಲಿ. ಕಳೆದ ವರ್ಷದ ಪುಟದಲ್ಲಿ ಮಾತ್ರ ಅಲ್ಲಿ ಯಾರೋ ಸಹಿ ಮಾಡಿ ಆಮೇಲೆ ಬ್ಲೇಡಿನಲ್ಲಿ ಕೆರೆದಿದ್ದಾರೆ. ಕಾಗದ ಬೆಳಕಿಗೆ ಹಿಡಿದೆ. ನಿನ್ನ ಕೈಬರಹವೇ. ನನಗೆ ಖಾಲಿ ಬಿಡು ಎಂದು ಉಪದೇಶ ಮಾಡಿ ನೀನೇ ಸಹಿ ಹಾಕಿದ್ದೀಯಾ?

ಮಷಿನ್ ಅಡುಗೆಮನೆಯಲ್ಲೇ ಇದೆ. ಡಾಕ್ಟರಮ್ಮನ ಮನೆಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದಿನಾ ಮೊಳೆ ಹೊಡೆಯುತ್ತಾರೆ ಎಂದು ಕಾಣುತ್ತದೆ, ಅದೊಂದು ಬಿಟ್ಟರೆ ಬೇರೆ ವಿಶೇಷವಿಲ್ಲ.

ಒಂದು ಹಳೆಯ ಮಾತು ನೆನಪಾಯಿತು. ಅಮ್ಮ ಹೋದ ವರ್ಷ ನಿನ್ನನ್ನು ನನ್ನ ಕತ್ತರಿಸುವ ಮೇಜಿನ ಕೆಳಗೆ ಕೂರಿಸಿಕೊಂಡು ಕೆಲಸ ಮಾಡುತ್ತಿದ್ದೆನಲ್ಲ, ಅಲ್ಲಿ ಕೂತು ನೀನು ಏನು ಮಾಡುತ್ತಿದ್ದೆ, ನೆನಪಿದೆಯಾ? ಬರೆ. ಸುಮ್ಮನೆ ಕೇಳಿದೆ.

ಅಕ್ಕ

*

ಮೇ 2
ಹಡಗಿನಿಂದ

ಅಕ್ಕಾ,

ಅಳತೆ ಸರಿಯಾಗೇ ಇದೆ. ಹಾಗೇ ಹೊಲಿ.

ಆ ಪುಟ ನೋಡಬೇಡ. ಮುಗಿದ ಕಥೆ.

ಆಗಸ್ಟಿನ ವಾರ್ಷಿಕ ಮಹಾಸಭೆಗೆ ನಾನು ಬರಲಾರೆ. ಮನೆಗೆ ಇಬ್ಬರು ಮಾಲೀಕರಿದ್ದರೆ ಇಬ್ಬರ ಒಪ್ಪಿಗೆಯೂ ಬೇಕು ಎಂಬ ನಿಯಮವಿದೆಯಲ್ಲ, ಅದಕ್ಕೆ ಅಧಿಕಾರ ಪತ್ರ ಲಗತ್ತಿಸಿದ್ದೇನೆ. ನನ್ನ ಹೆಸರಿನಲ್ಲಿ ನೀನು ಯಾವ ಕಾಗದಕ್ಕಾದರೂ ಸಹಿ ಮಾಡಬಹುದು, ಅದಕ್ಕೆ ನಾನು ಬದ್ಧ. ಒಂದೇ ಷರತ್ತು. ಗೋಡೆ ಒಡೆಯುವ ಮಾತು ಯಾರೇ ಎತ್ತಲಿ, ಕಡಾಖಂಡಿತ ಬೇಡ ಎನ್ನು.

ಮೇಜಿನ ಕೆಳಗಿನ ವಿಷಯ ಈಗ ಯಾಕೆ? ಅದನ್ನು ಕಾಗದದ ಮೇಲೆ ಬರೆಯಲು ನನಗೆ ಇಷ್ಟವಿಲ್ಲ. ನೀನೂ ಬರೆಯಬೇಡ. ಮೊಳೆ ಹೊಡೆಯುವ ಶಬ್ದ ಎಂದೆಯಲ್ಲ, ಅದಕ್ಕೆ ಕಿವಿ ಕೊಡಬೇಡ. ಮಷಿನ್ ಮುಂದಿನ ಕೋಣೆಗೆ ಸಾಗಿಸು ಎಂದಿದ್ದೆ.

ತಮ್ಮ

*

ಜೂನ್ 8
ಮನೆ ನಂಬರ್ 12

ಮಾನ್ಯರೇ,

ತಮ್ಮಾ ಎಂದು ಬರೆಯಲು ಕೈ ಬರುತ್ತಿಲ್ಲ. ನೀವು ಯಾರು?

ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಡಾಕ್ಟರಮ್ಮನ ಮನೆಯಲ್ಲಿ ಯಾರೂ ಮೊಳೆ ಹೊಡೆಯುತ್ತಿಲ್ಲ. ಹನ್ನೊಂದು ಗಂಟೆಗೆ ಅವರು ಕ್ಲಿನಿಕ್ಕಿನಲ್ಲಿರುತ್ತಾರೆ, ಮನೆಗೆ ಬೀಗ. ಶಬ್ದ ನಡುವಿನ ಗೋಡೆಯದು. ಹಾಡುಹಗಲು, ಕಿಟಕಿಯಿಂದ ಬಿಸಿಲು ಬಿದ್ದಿರುತ್ತದೆ, ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿರುತ್ತಾರೆ, ನಾನು ಇಸ್ತ್ರಿ ಮಾಡುತ್ತಿರುತ್ತೇನೆ. ಆಗ ಗೋಡೆಯೊಳಗಿಂದ ಬೆರಳ ಗೆಣ್ಣಿನಲ್ಲಿ ತಟ್ಟುವ ಸದ್ದು. ಮೂರು ಸಲ. ತಡೆದು, ಒಂದು ಸಲ.

ನನ್ನ ತಮ್ಮ ಮೇಜಿನ ಕೆಳಗೆ ಕೂತು ಹಾಗೆಯೇ ತಟ್ಟುತ್ತಿದ್ದ. ಮೂರು, ಒಂದು. ಅಕ್ಕಾ, ಹಸಿವು ಎಂದು ಅರ್ಥ. ಗಿರಾಕಿಗಳ ಮುಂದೆ ಬಾಯಿಬಿಟ್ಟು ಕೇಳಲು ಅವನಿಗೆ ನಾಚಿಕೆ. ನಾನು ಕತ್ತರಿಯ ಹಿಡಿಯಿಂದ ಎರಡು ಸಲ ತಟ್ಟುತ್ತಿದ್ದೆ. ಇರು, ಬಂದೆ ಎಂದು. ಈ ಲೋಕದಲ್ಲಿ ಇದು ಇಬ್ಬರಿಗೇ ಗೊತ್ತು. ನಿಮ್ಮನ್ನು ಕೇಳಿದೆ. ನೀವು ಜಾರಿಕೊಂಡಿರಿ.

ಮೊನ್ನೆ ನಾನೂ ಗೋಡೆಗೆ ಎರಡು ತಟ್ಟಿದೆ. ಅದೂ ಎರಡು ತಟ್ಟಿತು. ನಾನು ನೆಲದ ಮೇಲೆ ಕೂತು ಅತ್ತೆ.

ಎಡಗೈಯಲ್ಲಿ ಬರೆಯುವ ನೀವು, ಬಲ ಭುಜ ಇಳಿದಿರುವ ನೀವು. ಕನ್ನಡಿಯಲ್ಲಿ ನಿಂತ ನನ್ನ ತಮ್ಮನಿಗೆ ಇರುವ ಅಳತೆ ಅದು. ಅವನು ನಿಯಮದ ಹುಚ್ಚಿಗೆ ಖಾಲಿ ಸಾಲು ತುಂಬಿಸಿ ಒಳಗೆ ಸಿಕ್ಕಿಕೊಂಡ. ಒಳಗಿದ್ದ ನೀವು ಅವನ ರೂಪ ಹೊದ್ದು ಹೊರಗೆ ನಡೆದಿರಿ. ಇಲ್ಲಿ ಗೊತ್ತಾಗುತ್ತದೆಂದು ಹಡಗು ಹತ್ತಿದಿರಿ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಬೈಲಾ ಅರೆದು ಕುಡಿದಿದ್ದೇನೆ. ನಲವತ್ತೊಂದನೇ ನಿಯಮ: ಪಾಲು ಇನ್ನೊಬ್ಬರ ಹೆಸರಿಗೆ ದಾಖಲಾದ ಕ್ಷಣ ಹಿಂದಿನ ಪಾಲುದಾರನು ಜಾಗ ಬಿಟ್ಟು ಹೊರಬರತಕ್ಕದ್ದು, ಹೊಸಬನು ಒಳಹೋಗತಕ್ಕದ್ದು. ಆಗಸ್ಟ್ 9ರ ಭಾನುವಾರ ಮಹಾಸಭೆ. ನೀವೇ ಕಳಿಸಿದ ಅಧಿಕಾರ ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಹದಿನೇಳನೇ ಸಾಲಿನಲ್ಲಿ ನಿಮ್ಮ ಸಹಿ ನಾನು ಮಾಡುತ್ತೇನೆ. ಅದಕ್ಕೆ ಬದ್ಧ ಎಂದು ನೀವೇ ಬರೆದಿದ್ದೀರಿ.

ನನ್ನ ತಮ್ಮನನ್ನು ನಾನು ಸಾಕಿದ್ದು ಗೋಡೆಗೆ ಕೊಡಲು ಅಲ್ಲ.

ಕಾರ್ಯದರ್ಶಿ

*

ಆಗಸ್ಟ್ 10
ಮನೆ ನಂಬರ್ 12

ಮಾನ್ಯರೇ,

ಈ ಪತ್ರ ಒಡೆಯಲು ಅಲ್ಲಿ ನೀವು ಇರುವುದಿಲ್ಲ. ಆದರೂ ಸಭೆಯ ತೀರ್ಮಾನವನ್ನು ಸಂಬಂಧಪಟ್ಟ ಪಾಲುದಾರರಿಗೆ ಹದಿನಾಲ್ಕು ದಿನದೊಳಗೆ ತಿಳಿಸುವುದು ಕಾರ್ಯದರ್ಶಿಯ ಕರ್ತವ್ಯ. ತಿಳಿಸುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಕೆಳಗಿನ ಹಾಲಿನಲ್ಲಿ ಸಭೆ ಸೇರಿತು. ನೀರಿನ ಟ್ಯಾಂಕ್ ತೊಳೆಸುವುದು, ಚಾವಣಿಯಲ್ಲಿ ಬಟ್ಟೆ ಒಣಗಿಸುವ ಸರದಿ, ಎಲ್ಲ ಮಾತಾಡಿ ಮುಗಿದ ಮೇಲೆ ಹಾಜರಿ ಪುಸ್ತಕ ನನ್ನ ಮುಂದೆ ಬಂತು. ಹದಿನೇಳನೇ ಸಾಲಿಗೆ ಪೆನ್ನು ತಾಗಿಸಿದ್ದೇ ತಡ, ಸ್ಟೇಷನ್ ಮಾಸ್ಟರು ಎದ್ದು ನಿಂತರು.

"ಅಮ್ಮಾ, ಆ ಸಾಲು ಬಿಟ್ಬಿಡಿ."

"ಯಾವ ನಿಯಮದ ಪ್ರಕಾರ, ಸಾರ್?"

"ನಿಯಮ ಅಂತೇನಿಲ್ಲ. ಯಾವತ್ತೂ ಬಿಟ್ಕೊಂಡೇ ಬಂದಿದೀವಿ."

"ನಿಯಮ ಇಲ್ಲ ಅಂದ್ರೆ ಅಡ್ಡಿನೂ ಇಲ್ಲ" ಎಂದು ಅಧಿಕಾರ ಪತ್ರ ತೋರಿಸಿ ಸಹಿ ಹಾಕಿದೆ. ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

ಮೇಲೆ ಬಂದು ಬೀಗ ತೆಗೆದೆ. ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅವನು ನಿಂತಿದ್ದ. ತಲೆಗೂದಲ ತುಂಬ ಸುಣ್ಣದ ಪುಡಿ. ತಿರುಗಿದ. ನನ್ನ ತಮ್ಮನ ಮುಖ. ಗೋಡೆ ಎಲ್ಲೂ ಬಿರುಕು ಬಿಟ್ಟಿಲ್ಲ.

ಇನ್ನೂ ಮಾತಾಡಿಲ್ಲ. ಅಷ್ಟು ಕಾಲ ಒಳಗಿದ್ದವನು, ಮಾತು ಮರೆತಿರಬೇಕು. ಕೊಟ್ಟಿದ್ದನ್ನು ತಿನ್ನುತ್ತಾನೆ. ನನ್ನನ್ನೇ ನೋಡುತ್ತಾನೆ. ಈಗ ಸ್ನಾನಕ್ಕೆ ಹೋಗಿದ್ದಾನೆ. ಅವನಿಗೆಂದು ಹೊಲಿದ ಶರ್ಟು, ಎಡ ಭುಜ ಅರ್ಧ ಇಂಚು ಇಳಿಸಿದ್ದು, ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ದೇನೆ. ಎಷ್ಟೋ ತಿಂಗಳ ಮೇಲೆ ನನ್ನ ಎದೆ ಹಗುರಾಗಿದೆ.

ನೀವಿರುವ ಜಾಗದಲ್ಲಿ ನೀವು ಸುಖವಾಗಿರಿ ಎಂದು ಹಾರೈಸಲಾರೆ.

ಕಾರ್ಯದರ್ಶಿ

*

ಜುಲೈ 12
ಬಂದರಿನ ಆಸ್ಪತ್ರೆಯಿಂದ

ಅಕ್ಕಾ, ಅಕ್ಕಾ,

ನಿನ್ನ ಜೂನ್ ಪತ್ರ ಈಗ ಸಿಕ್ಕಿತು. ತಂತಿ ಕೊಡಲು ಓಡಿದೆ, ಮುಷ್ಕರ, ಕಚೇರಿ ಮುಚ್ಚಿದೆ. ನಾಳೆ ಬೆಳಿಗ್ಗೆಯೇ ಹಡಗು ಹೊರಡುತ್ತದೆ, ಮುಂದಿನ ಬಂದರು ಒಂದು ತಿಂಗಳ ದಾರಿ. ಈ ಪತ್ರ ಆಗಸ್ಟ್ ಒಂಬತ್ತರ ಒಳಗೆ ತಲುಪಬೇಕು. ತಲುಪಲೇಬೇಕು.

ನಾನು ನಾನೇ ಕಣೇ.

ಜನವರಿಯಲ್ಲಿ ಎಂಜಿನ್ ಕೋಣೆಯಲ್ಲಿ ಒಂದು ಪಂಪು ಕಳಚಿ ನನ್ನ ಬಲ ಭುಜದ ಮೇಲೆ ಬಿತ್ತು. ಮೂಳೆ ಪುಡಿಯಾಯಿತು. ಬಲಗೈ ಬೆರಳುಗಳು ಇನ್ನೂ ಮಡಚುವುದಿಲ್ಲ. ಹೇಳಿದರೆ ನೀನು ಊಟ ಬಿಟ್ಟು ಕೂರುತ್ತೀಯ ಎಂದು ತರಚಿದೆ ಎಂದು ಬರೆದೆ. ಬಲ ಭುಜ ಇಳಿದಿರುವುದು ಅದಕ್ಕೆ. ಎಡ ಭುಜ ಇದ್ದ ಹಾಗೇ ಇದೆ, ಬಲಗಡೆಯದು ಅದಕ್ಕಿಂತ ಕೆಳಗೆ ಜೋತುಬಿದ್ದಿದೆ.

ಗೋಡೆಯ ವಿಷಯ ನಿನ್ನಿಂದ ಮುಚ್ಚಿಟ್ಟದ್ದು ನನ್ನ ದೊಡ್ಡ ತಪ್ಪು. ಕಳೆದ ವರ್ಷ ಮಹಾಸಭೆಗೆ ಕೋರಂ ಆಗಲು ಒಂದೇ ಒಂದು ಸಹಿ ಕಡಿಮೆ ಬಿತ್ತು. ಸಭೆ ಮುಂದೂಡಬೇಕಲ್ಲ ಎಂಬ ಬೇಜಾರಿಗೆ ಹದಿನೇಳನೇ ಸಾಲಿನಲ್ಲಿ ನಾನೇ ಸಹಿ ಮಾಡಲು ಹೋದೆ. ಮೊದಲ ಎರಡು ಅಕ್ಷರ ಬರೆಯುವಷ್ಟರಲ್ಲಿ ಯಾರೋ ನನ್ನ ಕೈಯನ್ನು ಒಳಗೆ ಎಳೆದುಕೊಂಡ ಹಾಗಾಯಿತು. ಗಾಬರಿಯಾಗಿ ನಿಲ್ಲಿಸಿದೆ. ಆಮೇಲೆ ಬ್ಲೇಡಿನಲ್ಲಿ ಕೆರೆದೆ. ಅಂದರೆ ಅರ್ಧ ಸಹಿ. ಅರ್ಧ ಬಾಗಿಲು ತೆರೆದ ಹಾಗೆ.

ಒಬ್ಬನೇ ಇರುವಾಗ ಬೆರಳಿನಿಂದ ಮೂರು, ಒಂದು ತಟ್ಟುವ ಚಟ ನನಗೆ ಈ ವಯಸ್ಸಿನಲ್ಲೂ ಇದೆ. ಸಭೆ ಆಗಿ ವಾರಕ್ಕೆ ಗೋಡೆ ಅದನ್ನೇ ತಟ್ಟತೊಡಗಿತು. ಅದು ನನ್ನಿಂದಲೇ ಕಲಿತದ್ದು ಅಕ್ಕಾ. ಅದನ್ನು ಕಾಗದದಲ್ಲಿ ಬರೆಯಲು ಹೆದರಿದೆ, ಅದಕ್ಕೇ ಜಾರಿಕೊಂಡೆ.

ಒಂದು ನೆನಪು ಮಾಡಿಕೋ. ಮೇಜಿನ ಮೇಲೆ ನೀನು ಎರಡು ತಟ್ಟಿದರೆ ನಾನು ಏನು ಮಾಡುತ್ತಿದ್ದೆ? ಏನೂ ಇಲ್ಲ. ಇರು, ಬಂದೆ ಎಂದರೆ ಬಂದೇ ಬರುತ್ತೀಯ ಎಂದು ಗೊತ್ತಿತ್ತು, ಸುಮ್ಮನಾಗುತ್ತಿದ್ದೆ. ಗೋಡೆಯೊಳಗಿನದಕ್ಕೆ ಸುಮ್ಮನಾಗಲು ಬರುವುದಿಲ್ಲ. ಕೇಳಿದ್ದನ್ನು ವಾಪಸು ಒಪ್ಪಿಸುವುದಷ್ಟೇ ಬರುವುದು.

ನಿನ್ನನ್ನು ಅಲ್ಲಿಗೆ ಯಾಕೆ ಕಳಿಸಿದೆ ಎನ್ನುತ್ತೀಯ. ಮನೆ ಆರು ತಿಂಗಳು ಬೀಗ ಬಿದ್ದರೆ ಕಾರ್ಯದರ್ಶಿ ಹುದ್ದೆ ಯಾರ ಕೈಗೋ ಹೋಗುತ್ತಿತ್ತು, ಅವರು ಆ ಸಾಲು ತುಂಬಿಬಿಟ್ಟರೆ ಎಂಬ ಭಯ. ಹುಷಾರಿನವಳು ನೀನೊಬ್ಬಳೇ. ಮತ್ತೆ, ನಿನಗೊಂದು ಸ್ವಂತ ಮನೆ ಆಗಲಿ ಎಂಬ ಆಸೆಯೂ ಸುಳ್ಳಲ್ಲ. ನಾನು ಹೇಡಿ. ಕ್ಷಮಿಸು.

ಯಾರ ಹೆಸರೂ ಬರೆಯಬೇಡ. ಅಧಿಕಾರ ಪತ್ರ ಹರಿದು ಒಲೆಗೆ ಹಾಕು. ಸೆಪ್ಟೆಂಬರಿನಲ್ಲಿ ಬರುತ್ತೇನೆ, ಎದುರು ನಿಲ್ಲಿಸಿ ಅಳತೆ ತೆಗೆದುಕೋ.

ನಿನ್ನ ತಮ್ಮ

*

ಆಗಸ್ಟ್ 18
ಮನೆ ನಂಬರ್ 12

ನನ್ನ ಬಂಗಾರಾ,

ಈ ಪತ್ರಕ್ಕೆ ಅಂಚೆಚೀಟಿ ಬೇಕಿಲ್ಲ. ಸಿಂಕಿನ ಕೆಳಗೆ ಪೈಪು ಗೋಡೆಯೊಳಗೆ ಹೋಗುವ ಕಡೆ ಎರಡು ಬೆರಳಿನಷ್ಟು ಸಂದಿದೆ. ಸುತ್ತಿ ಅಲ್ಲಿ ತೂರಿಸುತ್ತೇನೆ.

ನಿನ್ನ ಜುಲೈ ಪತ್ರ ಹದಿನಾಲ್ಕರಂದು ಬಂತು. ಅದಕ್ಕೆ ಮೊದಲೇ ನನಗೆ ಗೊತ್ತಾಗಿತ್ತು. ಹತ್ತನೇ ತಾರೀಕು ಸ್ನಾನ ಮುಗಿಸಿ ಅವನು ಶರ್ಟು ಹಾಕಿಕೊಂಡು ಬಂದ. ಎಡಗಡೆ ಬಟ್ಟೆ ಎಳೆಯುತ್ತಿತ್ತು, ಬಲಗಡೆ ಸಡಿಲವಾಗಿ ನಿಂತಿತ್ತು. ನನ್ನ ಹೊಲಿಗೆ ತಪ್ಪಿತೇನೋ ಎಂದು ಟೇಪು ಹಿಡಿದೆ. ಇಳಿದಿರುವುದು ಬಲ ಭುಜ. ಸರಿಯಾಗಿ ಅರ್ಧ ಇಂಚು. ಎಡಗೈಯಲ್ಲಿ ಗುಂಡಿ ಹಾಕಿಕೊಂಡ, ಎಡಗೈಯಲ್ಲಿ ಲೋಟ ಎತ್ತಿದ. ಕನ್ನಡಿಯಿಂದ ಇಳಿದು ಬಂದವನು ನೀನಲ್ಲ, ಅವನು. ನಾನು ಹೇಳಿದ ಅಳತೆ ಸರಿಯಾಗಿತ್ತು, ಮನುಷ್ಯನನ್ನು ತಪ್ಪಾಗಿ ಹಿಡಿದೆ. ಜೀವಮಾನವಿಡೀ ಅಳತೆ ನಂಬಿ ಬದುಕಿದವಳು ನಾನು.

ನಿನ್ನೆ ಹಡಗಿನ ಕಂಪನಿಯಿಂದ ತಂತಿ ಬಂತು. ಒಂಬತ್ತನೇ ತಾರೀಕಿನಿಂದ ನೀನು ಕಾಣೆ. ಎಂಜಿನ್ ಕೋಣೆಯ ಬಾಗಿಲು ಒಳಗಿಂದ ಚಿಲಕ ಹಾಕಿತ್ತಂತೆ, ನಿನ್ನ ಬೂಟುಗಳು ಅಲ್ಲೇ ಇದ್ದವಂತೆ. ಅವನು ನನ್ನ ಹೆಗಲ ಮೇಲಿಂದ ಬಗ್ಗಿ ತಂತಿ ಓದಿದ. ಆಮೇಲೆ ಮೊದಲ ಸಲ ಬಾಯಿ ತೆರೆದ. "ನಾನು ಇಲ್ಲೇ ಇದೀನಲ್ಲ, ಅಕ್ಕಾ" ಎಂದ. ಧ್ವನಿ ನಿನ್ನದೇ.

ಪೊಲೀಸರಿಗೆ ಏನು ಹೇಳಲಿ? ಮನೆಯ ಕಾಗದಪತ್ರಗಳ ಪ್ರಕಾರ ಅವನೇ ನೀನು. ಅರ್ಧ ಮನೆ ಅವನದು. ಬೈಲಾ ಪುಸ್ತಕವನ್ನು ಈಗ ಅವನು ಓದುತ್ತಿದ್ದಾನೆ, ದಿನಕ್ಕೆ ಒಂದು ಪುಟ. ನನ್ನ ಟೇಪು ಎಲ್ಲಿಟ್ಟಿದ್ದಾನೋ ಸಿಗುತ್ತಿಲ್ಲ.

ಆದರೆ ನಾನೂ ಓದಿದ್ದೇನೆ, ಅವನಿಗಿಂತ ಮೊದಲು. ಹತ್ತೊಂಬತ್ತನೇ ನಿಯಮ: ಐದು ಜನ ಪಾಲುದಾರರು ಬರೆದುಕೊಟ್ಟರೆ ವಿಶೇಷ ಸಭೆ ಕರೆಯಲೇಬೇಕು. ಸಭೆ ಕೂಡಿದರೆ ತಾನೇ ಹಾಜರಿ ಪುಸ್ತಕಕ್ಕೆ ಸಹಿ ಬೀಳುವುದು. ಮನೆಮನೆಗೆ ಹೋದೆ. ಕೆಲವರು ಬಾಗಿಲೇ ತೆರೆಯಲಿಲ್ಲ. ಸ್ಟೇಷನ್ ಮಾಸ್ಟರು ಸಹಿ ಮಾಡಿದರು. ಡಾಕ್ಟರಮ್ಮ ಅಳುತ್ತ ಮಾಡಿದರು. ಎರಡನೇ ನಂಬರಿನ ಅಜ್ಜಿ ಏನು ಎತ್ತ ಕೇಳದೆ ಮಾಡಿದರು. ನಾಲ್ಕನೆಯದು ನನ್ನದು, ನಿನ್ನ ಅಧಿಕಾರ ಪತ್ರ ಇನ್ನೂ ನನ್ನ ಬಳಿ ಇದೆಯಲ್ಲ. ಐದನೆಯದು ಸಿಗಲಿಲ್ಲ. ಮನೆಗೆ ಬಂದು ಕೂತ ಮೇಲೆ ಹೊಳೆಯಿತು, ಹದಿನೇಳನೇ ಪಾಲುದಾರನಿಗೂ ಆ ಹಕ್ಕಿದೆಯಲ್ಲ. ಅಲ್ಲಿರುವವನು ನೀನು.

ಅರ್ಜಿಯನ್ನೂ ಪೆನ್ಸಿಲ್ ತುಂಡನ್ನೂ ಇದರ ಜೊತೆ ಸುತ್ತಿದ್ದೇನೆ. ಎಡಗೈಯಲ್ಲೇ ಸಹಿ ಮಾಡಿ ಅದೇ ಸಂದಿನಿಂದ ಹೊರಗೆ ತಳ್ಳು. ಆತುರ ಬೇಡ, ನೋವಾಗುತ್ತದೆ.

ಸಭೆಯ ದಿನ ಹದಿನೇಳನೇ ಸಾಲಿಗೆ ಯಾರ ಪರವಾಗಿಯೂ ಅಲ್ಲ, ನನ್ನ ಹೆಸರನ್ನು ನಾನೇ ಬರೆಯುತ್ತೇನೆ. ಬೇಡ ಎನ್ನಬೇಡ. ನಿನ್ನನ್ನು ಒಳಗೆ ಹಾಕಿದ್ದು ನನ್ನ ಕೈ. ನೀನು ಹೊರಗೆ ಬಂದಾಗ ಮಂಚದ ಮೇಲೆ ಹೊಸ ಶರ್ಟು ಇರುತ್ತದೆ, ಮೊದಲಿನ ಹಾಗೆ ಎಡ ಭುಜ ಅರ್ಧ ಇಂಚು, ಬಲ ಭುಜ ಅದಕ್ಕಿಂತ ಇನ್ನೂ ಅರ್ಧ ಇಂಚು ಹೆಚ್ಚು ಇಳಿಸಿದ್ದೇನೆ. ಹಾಕಿಕೊಂಡ ತಕ್ಷಣ ಸ್ಟೇಷನ್ ಮಾಸ್ಟರ ಮನೆಗೆ ಹೋಗು. ಅವರಿಗೆ ಎಲ್ಲ ಹೇಳಿದ್ದೇನೆ. ಇಲ್ಲಿ ಒಂದು ಕ್ಷಣವೂ ನಿಲ್ಲಬೇಡ. ಆ ಸಾಲಿಗೆ ಇನ್ನು ಮೇಲೆ ಯಾರೂ, ನೀನಂತೂ ಖಂಡಿತ, ಸಹಿ ಮಾಡಬಾರದು. ಇದು ಕಾರ್ಯದರ್ಶಿಯಾಗಿ ನನ್ನ ಕೊನೆಯ ಆದೇಶ, ಅಕ್ಕನಾಗಿಯೂ.

ಇವತ್ತು ಹನ್ನೊಂದು ಗಂಟೆಗೆ ಅವನು ಚಾವಣಿಗೆ ಹೋಗಿದ್ದ. ನಾನು ಒಬ್ಬಳೇ ಅಡುಗೆಮನೆಯಲ್ಲಿದ್ದೆ. ಗೋಡೆಯೊಳಗೆ ಸದ್ದಾಯಿತು. ತುಂಬ ಮೆಲ್ಲಗೆ. ಮೂರು. ತಡೆದು, ಒಂದು.

ಕತ್ತರಿ ತೆಗೆದುಕೊಂಡು ಹಿಡಿಯಿಂದ ಎರಡು ತಟ್ಟಿದೆ.

ಗೋಡೆ ಸುಮ್ಮನಾಯಿತು.

ಅಕ್ಕ